ಎಡಬಾಗಿಲಿನ ಹಿಡಿಕೆ

ಮುರಿದ ವಸ್ತುವನ್ನು ಎಸೆಯದೆ ಇಟ್ಟುಕೊಳ್ಳುವವರಲ್ಲಿ ಎರಡು ಪಂಗಡಗಳಿವೆ. ಎಂದಾದರೊಂದು ದಿನ ಕೂಡಿಸಬಹುದೆಂಬ ಆಸೆಯಿಂದ ಇಟ್ಟುಕೊಳ್ಳುವವರದು ಒಂದು. ಮುರಿದವರು ಯಾರೆಂಬುದಕ್ಕೆ ಸಾಕ್ಷಿಯಿರಲಿ ಎಂದು ಇಟ್ಟುಕೊಳ್ಳುವವರದು ಇನ್ನೊಂದು. ನಾನು ಎರಡನೆಯ ಪಂಗಡದವನು. ಇದರಲ್ಲಿ ಹೆಮ್ಮೆಪಡುವಂಥದ್ದೇನೂ ಇಲ್ಲ. ಆದರೆ ಎಪ್ಪತ್ತಾರರ ಈ ವಯಸ್ಸಿನಲ್ಲಿ ಪಂಗಡ ಬದಲಿಸುವುದು ಅಷ್ಟು ಸುಲಭವೂ ಅಲ್ಲ.

ಇಚಲಕರಂಜಿಯ ನಮ್ಮ ಮನೆಯ ಕಪಾಟಿನ ಕೆಳಖಾನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಒಂದು ಗೇಣುದ್ದದ ಗಂಟು ಇತ್ತು. ಹೊರಗೆ ಕೋರಾ ಬಟ್ಟೆ. ಒಳಗೆ ದಂತದ ಬಣ್ಣದ ಪ್ಲಾಸ್ಟಿಕ್ಕಿನ ಎರಡು ತುಂಡು. ನನ್ನ ಹಳೆಯ ಕಾರಿನ ಎಡ ಮುಂಬಾಗಿಲಿನ ಒಳಗಡೆ, ಕೂತವರು ಹಿಡಿದುಕೊಳ್ಳಲೆಂದು ಎರಡು ಸ್ಕ್ರೂ ಹಾಕಿ ಕೂರಿಸಿದ್ದ ಹಿಡಿಕೆ ಅದು. ಆ ತುಂಡುಗಳಿಗೆ ದಾರದಿಂದ ಕಟ್ಟಿದ ಚೀಟಿಯೊಂದಿದೆ. ಅಕ್ಷರ ನನ್ನದೇ: ‘ದೋಷ: ಹಿಡಿಕೆ ಮುರಿತ. ಸ್ಥಳ: ತವಂದಿ ಘಾಟು, ಮೂರನೆಯ ತಿರುವು. ಕಾರಣ: ಅಕ್ಕ.’ ಕೆಳಗೆ ತಪಾಸಣೆ ಮಾಡಿದವನ ಸಹಿ.

ನೀವು ನಗಬಹುದು. ನಗುವ ಮೊದಲು ನನ್ನ ಉದ್ಯೋಗವನ್ನು ತಿಳಿದುಕೊಂಡರೆ ಒಳ್ಳೆಯದು. ಮೂವತ್ತನಾಲ್ಕು ವರ್ಷ ನಾನು ಕಬನೂರಿನ ಮಗ್ಗದ ಕಾರ್ಖಾನೆಯೊಂದರಲ್ಲಿ ಬಟ್ಟೆ ತಪಾಸಣೆಯ ಕೆಲಸ ಮಾಡಿದೆ. ಮಗ್ಗದಿಂದ ಇಳಿದ ಬಟ್ಟೆಯನ್ನು ಗಾಜಿನ ಮೇಜಿನ ಮೇಲೆ ಎಳೆಯುತ್ತಾರೆ. ಕೆಳಗೆ ದೀಪ, ಮೇಲೆ ನನ್ನ ಕಣ್ಣು. ಹರಿದ ಎಳೆ, ತಪ್ಪಿದ ಹೊಕ್ಕು, ಎಣ್ಣೆಯ ಕಲೆ ಕಂಡಲ್ಲಿ ಸೀಮೆಸುಣ್ಣದ ಗುರುತು, ಅಂಚಿಗೊಂದು ಚೀಟಿ. ದೋಷ ಯಾವುದು, ಎಲ್ಲಿ, ಯಾರಿಂದ ಎಂಬುದು ಚೀಟಿಯ ಮೇಲಿರಬೇಕು. ಒಳ್ಳೆಯ ಬಟ್ಟೆಗೆ ಚೀಟಿಯಿಲ್ಲ. ಅದು ಸುಮ್ಮನೆ ಮಡಿಕೆಯಾಗಿ ಹೋಗುತ್ತದೆ. ಹೀಗಾಗಿ ಮೂವತ್ತನಾಲ್ಕು ವರ್ಷ ನಾನು ಬರೆದದ್ದೆಲ್ಲವೂ ಬೇರೆಯವರ ತಪ್ಪುಗಳೇ. ಈ ಅಭ್ಯಾಸ ಕಾರ್ಖಾನೆಯ ಬಾಗಿಲಲ್ಲಿ ಚಪ್ಪಲಿಯಂತೆ ಬಿಟ್ಟುಬರುವಂಥದ್ದಲ್ಲ. ಯಡ್ರಾವದ ಮದುವೆಯೊಂದರಲ್ಲಿ ನನ್ನನ್ನು ಮೂರನೆಯ ಪಂಕ್ತಿಗೆ ಕೂರಿಸಿ, ಹೋಳಿಗೆ ಮುಗಿದಿದೆಯೆಂದು ಬೂಂದಿ ಬಡಿಸಿದ್ದರು. ಆ ಮದುವೆಯ ಗಂಡಿಗೆ ಈಗ ಮೊಮ್ಮಕ್ಕಳಿದ್ದಾರೆ. ಆ ಬೂಂದಿ ನನ್ನ ನಾಲಗೆಯ ಮೇಲೆ ಇನ್ನೂ ಹಾಗೆಯೇ ಇದೆ.

ಕಾರಿನ ವಿಷಯಕ್ಕೆ ಬರುತ್ತೇನೆ. ಬಿದ್ರಿಯ ಕಡೆಯ ಕಬ್ಬಿನ ರೈತರೊಬ್ಬರಿಂದ ನಲವತ್ತು ವರ್ಷಗಳ ಹಿಂದೆ ಕೊಂಡದ್ದು; ಆಗಲೇ ಅದು ಹತ್ತು ವರ್ಷ ಓಡಿತ್ತು. ಗೇರು ಸ್ಟೀರಿಂಗಿನ ಪಕ್ಕದಲ್ಲಿ. ಮೈ ಪೂರ್ತಿ ಕಬ್ಬಿಣ, ಒಳಗಿನ ಅಲಂಕಾರವಷ್ಟೇ ಪ್ಲಾಸ್ಟಿಕ್ಕು. ನಮ್ಮ ಗಲ್ಲಿಯವರು ಅದನ್ನು ಮರಾಠಿಯಲ್ಲಿ ‘ಮ್ಹಾತಾರಿ’ ಎನ್ನುತ್ತಾರೆ, ಅಂದರೆ ಮುದುಕಿ. ಯಾರು ಮೊದಲು ಅಂದರೆಂಬುದೂ ನನಗೆ ಗೊತ್ತಿದೆ.

ಈ ಕಾರನ್ನು ನಾನು ಬಟ್ಟೆಯಂತೆಯೇ ನೋಡಿಕೊಂಡೆ. ಇಚಲಕರಂಜಿಯ ಜನ ಲೋಕದ ಎಲ್ಲ ವಸ್ತುಗಳನ್ನೂ ಬಟ್ಟೆಯ ಬಂಧುಗಳೆಂದೇ ತಿಳಿಯುತ್ತಾರೆ. ಮಗ್ಗದ ಎಣ್ಣೆಯ ಕಲೆ ಬಟ್ಟೆಗೆ ಬಿದ್ದರೆ ತೆಗೆಯಲು ತಪಾಸಣೆಯ ಮೇಜಿನ ಬಳಿ ಒಂದು ಔಷಧವಿರುತ್ತದೆ. ನೀರಿನಷ್ಟು ತಿಳಿ, ಸಿಹಿಯಾದ ಘಾಟು, ಹಚ್ಚಿದ ಗಳಿಗೆಯಲ್ಲಿ ಆರಿ ಹೋಗುತ್ತದೆ. ಕಲೆಯನ್ನೂ ಜೊತೆಗೆ ಒಯ್ಯುತ್ತದೆ. ಮಾಲೀಕರನ್ನು ಕೇಳಿಯೇ ನಾನು ಅದನ್ನು ಸಣ್ಣ ಬಾಟಲಿಯಲ್ಲಿ ಮನೆಗೆ ತರುತ್ತಿದ್ದೆ. ನಮ್ಮ ಬೀದಿಯಲ್ಲಿ ಅದರಿಂದ ಗಡಿಯಾರ ಒರೆಸುವವರಿದ್ದರು, ಹಾರ್ಮೋನಿಯಂ ಒರೆಸುವವರಿದ್ದರು. ನಾನು ಕಾರು ಒರೆಸುತ್ತಿದ್ದೆ. ಇಡೀ ಕಾರನ್ನಲ್ಲ. ಅಕ್ಕನ ಕೈ ತಾಗಿದಲ್ಲಿ ಮಾತ್ರ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಗಡಹಿಂಗ್ಲಜದಲ್ಲಿ ನಮ್ಮ ತಂದೆಗೆ ಮೆಣಸಿನಕಾಯಿಯ ಅಂಗಡಿಯಿತ್ತು. ಆ ಮನೆಯಲ್ಲಿ ಹುಟ್ಟಿದವರು ಸೀನುತ್ತಲೇ ಬೆಳೆಯುತ್ತಾರೆ. ಹದಿನಾರಕ್ಕೆ ಅಕ್ಕನ ಮದುವೆಯಾಯಿತು. ಹದಿನೆಂಟಕ್ಕೆ ಅವಳು ಒಂದು ತಗಡಿನ ಪೆಟ್ಟಿಗೆಯೊಂದಿಗೆ ಮರಳಿ ಬಂದಳು. ಭಾವನವರು ಎರಡೇ ದಿನದ ಜ್ವರದಲ್ಲಿ ಹೋಗಿಬಿಟ್ಟಿದ್ದರು. ಗಂಡನ ಮನೆಯಿಂದ ಅವಳು ತಂದದ್ದರಲ್ಲಿ ನನ್ನ ಕಣ್ಣು ಬಿದ್ದದ್ದು ಒಂದೇ ವಸ್ತುವಿನ ಮೇಲೆ: ಕೆಂಪು ಪ್ಲಾಸ್ಟಿಕ್ಕಿನ ಸಾಬೂನಿನ ಡಬ್ಬಿ. ನಮ್ಮ ಮನೆ ಕಂಡ ಮೊದಲ ಪ್ಲಾಸ್ಟಿಕ್ಕು ಅದು. ಬಿಸಿಲಿಗೆ ಹಿಡಿದರೆ ನನ್ನ ಬೆರಳುಗಳು ಅದರ ಮೂಲಕ ಕೆಂಪಾಗಿ ಕಾಣುತ್ತಿದ್ದವು. ನೋಡುತ್ತ ನೋಡುತ್ತ ಒಂದು ದಿನ ಕಲ್ಲಿನ ಮೇಲೆ ಬೀಳಿಸಿದೆ. ಅದು ಎರಡು ಹೋಳಾಯಿತು. ಅಕ್ಕ ಬಯ್ಯಲಿಲ್ಲ. ಈಳಿಗೆಯ ತುದಿಯನ್ನು ಒಲೆಯ ಕೆಂಡದಲ್ಲಿ ಕಾಯಿಸಿ, ಎರಡೂ ಅಂಚುಗಳನ್ನು ಕರಗಿಸಿ, ಒತ್ತಿ ಹಿಡಿದು ಕೂಡಿಸಿದಳು. ಬೆಸೆದಲ್ಲಿ ಗಾಯದ ಗುರುತಿನಂಥ ಒಂದು ಏರಿ ಉಳಿಯಿತು. “ಒಂದಕ್ಕ ಎರಡ ಪಟ್ಟ ಗಟ್ಟಿ ಆತ ನೋಡ,” ಎಂದಿದ್ದಳು.

ಅಕ್ಕ ಅಂಗಡಿಯಲ್ಲಿ ಕೂತಳು. ತಂದೆ ತೀರಿಕೊಂಡ ಮೇಲೂ ಕೂತಳು. ನನ್ನನ್ನು ಓದಿಸಿದವಳೂ ಅವಳೇ. ನೇಯ್ಗೆಯ ಪರೀಕ್ಷೆಗೆಂದು ಕೊಲ್ಲಾಪುರಕ್ಕೆ ಮೊದಲ ಸಲ ಬಸ್ಸಿನಲ್ಲಿ ಕರೆದೊಯ್ದವಳೂ ಅವಳೇ. ಕೂರಲು ಜಾಗವಿರಲಿಲ್ಲ. ಘಾಟಿನ ಮೊದಲ ತಿರುವು ಬಂದಾಗ ನನ್ನ ಕೈಯನ್ನು ಸೀಟಿನ ಕಬ್ಬಿಣದ ಕಂಬಿಯ ಮೇಲಿಟ್ಟು, ಅದರ ಮೇಲೆ ತನ್ನ ಕೈಯನ್ನಿಟ್ಟು, “ಗಟ್ಟಿ ಹಿಡಕೋ ತಮ್ಮಾ,” ಎಂದಿದ್ದಳು. ಘಾಟು ಮುಗಿಯುವವರೆಗೂ ತೆಗೆಯಲಿಲ್ಲ.

ಕಾರು ಬಂದ ಮೇಲೆ ತಿಂಗಳಿಗೊಮ್ಮೆಯಾದರೂ ನಾನು ಗಡಹಿಂಗ್ಲಜಕ್ಕೆ ಹೋಗಿ ಅವಳನ್ನು ಕರೆತರುತ್ತಿದ್ದೆ. ಅವಳ ಜಾಗ ನನ್ನ ಎಡಕ್ಕೆ. ಅವಳಿಗೆ ಎಲೆಯಡಿಕೆಯ ಚಟ. ಬೆರಳ ತುದಿಯಲ್ಲಿ ಸದಾ ಸುಣ್ಣ, ಅಂಗೈಯಲ್ಲಿ ಸದಾ ತಲೆಗೆ ತಿಕ್ಕಿದ ಎಣ್ಣೆ. ಗಡಹಿಂಗ್ಲಜದಿಂದ ಇಚಲಕರಂಜಿಯವರೆಗೂ ಅವಳು ಆ ದಂತದ ಬಣ್ಣದ ಹಿಡಿಕೆಯನ್ನು ಬಿಡುತ್ತಿರಲಿಲ್ಲ. ಅವಳು ಇಳಿದು ಒಳಗೆ ಹೋದೊಡನೆ ನಾನು ಬಾಟಲಿ, ಬಟ್ಟೆಯೊಂದಿಗೆ ಹೊರಗೆ ಬರುತ್ತಿದ್ದೆ. ಹದಿನೆಂಟು ವರ್ಷ ಈ ಕ್ರಮ ಒಂದು ಸಲವೂ ತಪ್ಪಲಿಲ್ಲ. ಅವಳು ಕಿಟಕಿಯಿಂದ ನೋಡುತ್ತಿದ್ದಳೋ ಏನೋ, ನಾನು ಆ ಕಡೆ ತಿರುಗಿ ನೋಡಿದವನಲ್ಲ.

ಇಪ್ಪತ್ತೆರಡು ವರ್ಷಗಳ ಹಿಂದೆ ನನ್ನ ಮಗಳ ನಿಶ್ಚಿತಾರ್ಥದ ದಿನ ಎಂದಿನಂತೆ ಅಕ್ಕನನ್ನು ಕರೆತರುತ್ತಿದ್ದೆ. ಸಂಕೇಶ್ವರ ದಾಟಿ ತವಂದಿ ಘಾಟಿನ ಮೂರನೆಯ ತಿರುವಿನಲ್ಲಿ ಎದುರಿನಿಂದ ಒಂದು ಟ್ರಕ್ಕು ತನ್ನ ದಾರಿ ಬಿಟ್ಟು ಬಂತು. ನಾನು ಸ್ಟೀರಿಂಗನ್ನು ಎಡಕ್ಕೆ ಎಳೆದೆ. ಪಟ್ ಎಂಬ ಸದ್ದು. ನೋಡಿದರೆ ಎರಡು ತುಂಡಾದ ಹಿಡಿಕೆ ಅಕ್ಕನ ಮುಷ್ಟಿಯಲ್ಲಿತ್ತು. ಬಾಗಿಲ ಮೇಲೆ ಎರಡು ತೂತು ಮಾತ್ರ ಉಳಿದಿದ್ದವು. ಅಕ್ಕ ಅದನ್ನು ತಿರುಗಿಸಿ ನೋಡಿ, “ಇದೇನ ಗಾಡಿಯೋ ತಮ್ಮಾ, ಸಾಬಾಣ ಡಬ್ಬಿ?” ಎಂದು ನಕ್ಕಳು. ಮೊದಲನೆಯ ಅವಮಾನ. ಘಾಟು ಇಳಿದು ನಿಪ್ಪಾಣಿಗೆ ಬಂದಾಗ, “ನನ್ನ ಇಲ್ಲೇ ಇಳಸು,” ಎಂದಳು. ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಕಾರಣವನ್ನೇ ಹೇಳದೆ, ಗಡಹಿಂಗ್ಲಜದ ಬಸ್ಸು ಹತ್ತಿ ಹಿಂದಿರುಗಿದಳು. ಎರಡನೆಯ ಅವಮಾನ. ನಿಶ್ಚಿತಾರ್ಥದಲ್ಲಿ ಬೀಗರು, “ಅಕ್ಕಾರ ಎಲ್ಲಿ?” ಎಂದು ಮೂರು ಸಲ ಕೇಳಿದರು, ನಾನು ಮೂರು ಸಲವೂ ಸುಳ್ಳು ಹೇಳಬೇಕಾಯಿತು.

ಮಾತು ಬಿಡಲಿಲ್ಲ ನಾವು. ಅಕ್ಕ ಮದುವೆಗೂ ಬಂದಳು, ಮೊಮ್ಮಕ್ಕಳ ಹೆಸರಿಡುವುದಕ್ಕೂ ಬಂದಳು. ಬಂದದ್ದೆಲ್ಲ ಬಸ್ಸಿನಲ್ಲಿ. ಕಾರು ತಂದು ಬಾಗಿಲಿಗೆ ನಿಲ್ಲಿಸಿದರೂ, “ಯಸ್ಟಿ ಐತಲ್ಲೋ,” ಎನ್ನುವಳು; ಯಸ್ಟಿಯೆಂದರೆ ನಮ್ಮ ಕಡೆ ಸರ್ಕಾರಿ ಬಸ್ಸು. ಆ ಎರಡು ತೂತುಗಳನ್ನು ನಾನು ಮುಚ್ಚಿಸಲಿಲ್ಲ. ಕಾರು ಹತ್ತಿದವರಿಗೆಲ್ಲ ತೋರಿಸಿ, ಇದು ನಮ್ಮ ಅಕ್ಕನ ಪರಾಕ್ರಮ ಎಂದು ಹೇಳುತ್ತಿದ್ದೆ.

ಇದೆಲ್ಲ ಹೀಗೆಯೇ ಕೊನೆಯವರೆಗೂ ನಡೆದುಹೋಗುತ್ತಿತ್ತು. ಆದರೆ ಈ ವರ್ಷ ಅಕ್ಕನ ಎರಡೂ ಕಣ್ಣಿಗೆ ಪೊರೆ ಬಂತು. ಕೊಲ್ಲಾಪುರದ ವೈದ್ಯರು ಆಪರೇಷನ್ನಿಗೆ ದಿನ ಕೊಟ್ಟರು. ಎಂಬತ್ತೈದರ ಹೆಂಗಸು, ಎದುರಿಗೆ ನಿಂತವರ ಮುಖ ಕಾಣದು, ಆದರೂ ಫೋನಿನಲ್ಲಿ ಅದೇ ಮಾತು: “ಯಸ್ಟಿ ಐತಲ್ಲೋ.”

ನಾನು ಶಾಂತಾಳಿಗೆ, ಅಂದರೆ ನನ್ನ ಹೆಂಡತಿಗೆ, ವಿಷಯವನ್ನು ವಿವರಿಸಿದೆ. ಅಕ್ಕನಿಗೆ ಈ ಕಾರಿನಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ, ಅದಕ್ಕೇ ಹೆದರಿಕೆ. ಹಿಡಿಕೆಯನ್ನು ಕೂಡಿಸಿಬಿಟ್ಟರೆ ನೆಪ ಉಳಿಯುವುದಿಲ್ಲ ಎಂದೆ.

“ನಾನೂ ಇಪ್ಪತ್ತೆರಡ ವರ್ಷಾತು ಅದ ಸೀಟಿನ್ಯಾಗ ಕುಂಡ್ರಾಕತ್ತೇನಿ,” ಎಂದಳು ಶಾಂತಾ. “ನನಗರ ಏನ ಐತ್ರಿ ಹಿಡ್ಯಾಕ? ಒಂದ ದಿನ ಕೇಳಿರೇನು?”

ಇದನ್ನೂ ಮನಸ್ಸಿನಲ್ಲಿ ಬರೆದುಕೊಂಡು ಕೆಲಸಕ್ಕೆ ತೊಡಗಿದೆ.

ಪ್ಲಾಸ್ಟಿಕ್ಕನ್ನು ದುರಸ್ತಿ ಮಾಡಹೊರಟವನಿಗೆ ಮೊದಲು ತಿಳಿಯುವುದು ಅದರ ಕಪಟ. ಕಬ್ಬಿಣ ತುಕ್ಕು ಹಿಡಿದು ಮುನ್ಸೂಚನೆ ಕೊಡುತ್ತದೆ, ಮರ ಸೀಳಿ ಸದ್ದು ಮಾಡುತ್ತದೆ, ಬಟ್ಟೆ ಮೊದಲು ಜಾಳಾಗುತ್ತದೆ. ಪ್ಲಾಸ್ಟಿಕ್ಕು ಒಳಗೊಳಗೇ ಸತ್ತು, ಹೊರಗೆ ಹೊಳೆಯುತ್ತ, ಯಾರಾದರೂ ಮುಟ್ಟುವ ದಿನಕ್ಕಾಗಿ ಕಾದಿರುತ್ತದೆ. ಗಳಿಗೆಯಲ್ಲಿ ಹಿಡಿಯುವ ಅಂಟನ್ನು ಹಚ್ಚಿದೆ. ಹಿಡಿಕೆಗಿಂತ ಮೊದಲು ನನ್ನ ಎರಡು ಬೆರಳುಗಳು ಒಂದಾದವು. ಅಂಟಿನ ಮೇಲೆ ಅಡುಗೆ ಸೋಡಾ ಉದುರಿಸಿದರೆ ಕಲ್ಲಾಗುತ್ತದೆಂದು ಯಾರೋ ಹೇಳಿದ್ದರು. ಉದುರಿಸಿದೆ, ಕಲ್ಲೂ ಆಯಿತು. ಅಡುಗೆಮನೆಯಿಂದ ದನಿ ಬಂತು: “ರೀ, ಸೋಡಾದ ಡಬ್ಬಿ ಎಲ್ಲಿ ಹೋತು? ಗಾಡಿಗೆ ಭಜಿ ಕರ್ಯಾಕತ್ತೀರೇನು?” ಮರುದಿನ ತಿರುಪು ಬಿಗಿಯುವಾಗ ಹಿಡಿಕೆ ಅಂಟಿನ ಪಕ್ಕದಲ್ಲಿ ಹೊಸದಾಗಿ ಮುರಿಯಿತು. ಎರಡು ಟ್ಯೂಬುಗಳನ್ನು ಕಲಸಿ ಹಚ್ಚುವ ಅಂಟು ತಂದೆ. ಅದರ ಪಕ್ಕದಲ್ಲೂ ಮುರಿಯಿತು, ಈ ಸಲ ಮೂರು ಕಡೆ. ಎರಡಿದ್ದ ತುಂಡುಗಳು ನಾಲ್ಕಾದವು. ಅಂಟು ಗಟ್ಟಿಯಾಗಿಯೇ ಇತ್ತು. ಅಂಟನ್ನು ತಾಳಿಕೊಳ್ಳುವ ಶಕ್ತಿ ಅದರ ಪಕ್ಕದಲ್ಲಿದ್ದ ಪ್ಲಾಸ್ಟಿಕ್ಕಿಗೆ ಇರಲಿಲ್ಲ.

ಹೊಸ ಹಿಡಿಕೆಯೇ ಸಿಕ್ಕೀತೆಂದು ಕೊಲ್ಲಾಪುರದ ಬಿಡಿಭಾಗದ ಅಂಗಡಿಗಳನ್ನು ಸುತ್ತಿದೆ. ಒಬ್ಬ ಅಂಗಡಿಕಾರ ತುಂಡುಗಳನ್ನು ನೋಡಿ, ಮರಾಠಿಯಲ್ಲಿ, “ಕಾಕಾ, ಹೇ ಆತಾ ಮ್ಯೂಝಿಯಮ್‌ಮಧ್ಯೇಚ್ ಮಿಳೇಲ್,” ಎಂದ. ಇದು ಇನ್ನು ವಸ್ತುಸಂಗ್ರಹಾಲಯದಲ್ಲೇ ಸಿಗಬೇಕಂತೆ. ಹಾಗೆಂದು, ನನ್ನನ್ನೂ ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದ. ಆ ಅಂಗಡಿಗೆ ನಾನು ಇನ್ನು ಕಾಲಿಡುವುದಿಲ್ಲ.

ಕೊನೆಗೆ ಅದೇ ಊರಿನ ಉದ್ಯಮನಗರದ ಒಂದು ಗಲ್ಲಿಯಲ್ಲಿ ಇಲಾಹಿ ಮಿಸ್ತ್ರಿ ಸಿಕ್ಕರು. ನಿಪ್ಪಾಣಿ ಕಡೆಯವರು, ನಲವತ್ತರ ವಯಸ್ಸು. ಬೈಕು, ಕಾರುಗಳ ಒಡೆದ ಪ್ಲಾಸ್ಟಿಕ್ಕನ್ನು ಕಾಯಿಸಿ ಬೆಸೆಯುವುದು ಅವರ ಕಸುಬು. ನನ್ನ ನಾಲ್ಕು ತುಂಡುಗಳನ್ನು ಅಂಗೈಯಲ್ಲಿ ಹರವಿಕೊಂಡು, ಸೋಡಾದ ಕಲ್ಲನ್ನು ಉಗುರಿನಿಂದ ಕೆರೆದು ನಕ್ಕರು.

“ಕಾಕಾ, ಇದಕ್ಕ ಉಪ್ಪು-ಖಾರ ಹಾಕೂದ ಅಷ್ಟ ಉಳಿಸೀರಿ.”

ನಾನು ನಗಲಿಲ್ಲ. ಇಪ್ಪತ್ತೆರಡು ವರ್ಷಗಳ ಹಿಂದೆ ನಮ್ಮ ಅಕ್ಕ ಇದನ್ನು ಜಗ್ಗಿ ಮುರಿದಳು ಎಂದು ತಿಳಿಸಿದೆ. ಅವರು ಒಂದು ತುಂಡನ್ನು ಎತ್ತಿ ಟ್ಯೂಬ್‌ಲೈಟಿಗೆ ಹಿಡಿದರು. ತಿರುಗಿಸಿದರು. ಮತ್ತೆ ಹಿಡಿದರು.

“ಜಗ್ಗಿ ಮುರದದ್ದಲ್ರಿ ಇದು. ಇದನ್ನ ಏನೋ ತಿಂದೈತಿ. ಇಲ್ಲಿ ನೋಡ್ರಿ.”

ನೋಡಿದೆ. ಬೆಳಕಿನಲ್ಲಿ ಹಿಡಿಕೆಯ ಒಳಮೈಯೆಲ್ಲ ಕೂದಲಿಗಿಂತ ಸಣ್ಣ ಬಿರುಕುಗಳು, ಜೇಡನ ಬಲೆಯಂತೆ. ಮೂವತ್ತನಾಲ್ಕು ವರ್ಷ ಪ್ರತಿಯೊಂದು ಗಜ ಬಟ್ಟೆಯನ್ನೂ ಬೆಳಕಿಗೆ ಹಿಡಿದು ನೋಡಿದವನು ಈ ಗೇಣುದ್ದದ ವಸ್ತುವನ್ನು ಒಂದು ಸಲವೂ ಬೆಳಕಿಗೆ ಹಿಡಿದಿರಲಿಲ್ಲ. ದೋಷ ಯಾರದೆಂದು ಮೊದಲೇ ಗೊತ್ತಿದ್ದವನಿಗೆ ಬೆಳಕು ಯಾತಕ್ಕೆ?

ಇಲಾಹಿ ಹೊರಗೆ ಬಂದು ಕಾರಿನ ಉಳಿದ ಮೂರು ಹಿಡಿಕೆಗಳನ್ನು ಒಂದೊಂದಾಗಿ ಜಗ್ಗಿದರು. ಒಂದೂ ಅಲುಗಲಿಲ್ಲ.

“ಅದ ವಯಸ್ಸು, ಅದ ಬಿಸಲು, ಅದ ಮಾಲು. ಇವು ಮೂರೂ ಪೈಲ್ವಾನ ಇದ್ದಂಗ ಅದಾವು. ಅದೊಂದಕ್ಕ ಏನ ಹಚ್ಚತಿದ್ರಿ ಕಾಕಾ?”

ನಾನು ಔಷಧದ ಹೆಸರು ಹೇಳಿದೆ. ಸ್ವಲ್ಪ ಅಭಿಮಾನದಿಂದಲೇ ಹೇಳಿದೆನೆಂದು ನೆನಪು. ಇಲಾಹಿ ಚೂರುಗಳ ಡಬ್ಬಿಯಿಂದ ಅದೇ ಜಾತಿಯ ಹಳೆಯ ಪ್ಲಾಸ್ಟಿಕ್ಕಿನ ಒಂದು ಪಟ್ಟಿಯನ್ನು ಆರಿಸಿ ಬಗ್ಗಿಸಿದರು; ಅದು ಬಿಲ್ಲಿನಂತೆ ಬಗ್ಗಿತು. ತಮ್ಮ ಬಣ್ಣದ ಡಬ್ಬಿಯ ಪಕ್ಕದಲ್ಲಿದ್ದ ಥಿನ್ನರನ್ನು ಅದರ ಮೇಲೆ ಒಂದು ಹನಿ ಬಿಟ್ಟರು. ಎರಡು ನಿಮಿಷ ಬಿಟ್ಟು ಮತ್ತೆ ಬಗ್ಗಿಸಿದರು. ಟಿಕ್ ಎಂದು ಎರಡಾಯಿತು.

“ನಿಮ್ಮ ಔಷಧ ಇದರ ತಮ್ಮ ಇದ್ದಂಗ್ರಿ. ಅರಿವೆಗೆ ಔಷಧ, ಇದಕ್ಕ ವಿಷ. ವರ್ಷಾನಗಟ್ಲೆ ಹಚ್ಚೀರಿ ಅಂದ್ರ ಅದು ಯಾವಾಗೋ ಸತ್ತಿತ್ತು. ಅವತ್ತ ಅಕ್ಕಾರ ಹಿಡದ್ರು, ಅಷ್ಟ. ಕೂಸ ಹಿಡದಿದ್ರೂ ಮುರೀತಿತ್ತು.”

ಅವರು ಬೆಸೆಯುವಾಗ ನಾನು ಸ್ಟೂಲಿನ ಮೇಲೆ ಕೂತು ನೋಡಿದೆ. ಬಿರುಕಿನ ಉದ್ದಕ್ಕೂ ಸಣ್ಣ ಕಾಲುವೆ ತೋಡಿದರು. ಕಾದ ಕಬ್ಬಿಣದ ತುದಿಯಿಂದ, ಹಿಂಬದಿಗೆ ಉಕ್ಕಿನ ತೆಳುವಾದ ಜಾಳಿಗೆಯನ್ನು ಪ್ಲಾಸ್ಟಿಕ್ಕಿನೊಳಗೆ ಇಳಿಸಿದರು. ಅದೇ ಜಾತಿಯ ಪ್ಲಾಸ್ಟಿಕ್ಕಿನ ಎಳೆಯನ್ನು ಕರಗಿಸಿ ಕಾಲುವೆಗೆ ತುಂಬಿದರು. ಕೆಂಡದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅಕ್ಕ ಮಾಡಿದ್ದ ಕೆಲಸವೇ ಅದು. ಈಳಿಗೆಯ ಬದಲು ವಿದ್ಯುತ್ತು, ಅಷ್ಟೆ. ಅದೇ ಸುಟ್ಟ ವಾಸನೆ ಬಂತು. ಕೆಟ್ಟ ವಾಸನೆ, ಆದರೂ ನಾನು ಹೊರಗೆ ಹೋಗಲಿಲ್ಲ. ಇಲಾಹಿ ಬೆಸುಗೆಯನ್ನು ಉಜ್ಜಿ ನುಣುಪು ಮಾಡಿದರೂ ಬೆರಳಿಗೆ ತಾಗುವಷ್ಟು ಏರಿ ಉಳಿಯಿತು. “ಕಣ್ಣಿಗೆ ಕಾಣಂಗಿಲ್ರಿ, ಕೈಗೆ ತಿಳೀತೈತಿ. ಅದನ್ನ ತಗ್ಯಾಕ ಹೋದ್ರ ಜೀವ ಹೋಗತೈತಿ,” ಎಂದರು.

ಇಚಲಕರಂಜಿಗೆ ಹಿಂದಿರುಗುವ ದಾರಿಯಲ್ಲಿ ಆ ಹದಿನೆಂಟು ವರ್ಷಗಳನ್ನು ಲೆಕ್ಕ ಹಾಕಿದೆ. ತಿಂಗಳಿಗೊಂದು ಸಲ. ಅಕ್ಕ ಇಳಿದು ಹೋಗುವುದು, ನಾನು ಅವಳ ಕೈಯ ಗುರುತನ್ನು ಅಳಿಸುವುದು. ಅವಳ ಕೈಯಲ್ಲಿ ಮುರಿಯಲೆಂದೇ ನಾನು ಅದನ್ನು ಅಷ್ಟು ಶ್ರದ್ಧೆಯಿಂದ ಸಿದ್ಧಪಡಿಸಿದಂತಿತ್ತು. ಶಾಂತಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ತಟ್ಟೆಯಲ್ಲಿ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. “ನನಗ್ಯಾಕ ಹೇಳ್ತೀರಿ? ಅಕ್ಕಾರಿಗೆ ಹೇಳ್ರಿ,” ಎಂದಳು.

ಆಪರೇಷನ್ನಿಗೆ ಕೊಟ್ಟಿದ್ದ ದಿನ ಬೆಳಿಗ್ಗೆ ಶಾಂತಾ, ನಾನು ಇಬ್ಬರೂ ಗಡಹಿಂಗ್ಲಜಕ್ಕೆ ಹೋದೆವು. ಮೆಣಸಿನಕಾಯಿ ಪೇಟೆಯ ಹಿಂದಿನ ಆ ಮನೆಯ ಕಟ್ಟೆಯ ಮೇಲೆ ಅಕ್ಕ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎಲೆಯಡಿಕೆ ಬಿಟ್ಟು ವರ್ಷಗಳಾಗಿವೆ. ಬೆರಳ ತುದಿ ಸುಣ್ಣವಿಲ್ಲದೆ ಬರಿದಾಗಿತ್ತು. ನಾನು ಕಾರಿನ ಎಡಬಾಗಿಲನ್ನು ತೆರೆದು ಅವಳ ಕೈ ಹಿಡಿದು ಕರೆತಂದೆ, ಹಿಡಿಕೆಯನ್ನು ಮುಟ್ಟಿಸಿದೆ. ಅವಳು ಅದರ ಮೇಲೆ ಬೆರಳಾಡಿಸಿದಳು. ಏರಿಯ ಬಳಿ ಬೆರಳು ನಿಂತಿತು.

“ಯಾರ ಬೆಸದಾರ?”

“ಕೊಲ್ಲಾಪುರದ ಮಿಸ್ತ್ರಿ.”

“ಛಲೋ ಬೆಸದಾನ. ಹಿಂದಿನಕಿಂತ ಗಟ್ಟಿ ಐತಿ.”

ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಹೇಳಿದೆ. ಔಷಧದ ಸಂಗತಿ, ಬಿರುಕುಗಳ ಸಂಗತಿ, ಇಲಾಹಿ ತೋರಿಸಿದ್ದು. ಮುರಿದವಳು ನೀನಲ್ಲ, ನಾನು ಎಂದೆ. ಹೇಳುತ್ತ ಜೇಬಿನಿಂದ ಆ ಚೀಟಿಯನ್ನು ತೆಗೆದೆ. ಅವಳ ಮುಂದೆಯೇ ಹರಿಯಬೇಕೆಂದು ತಂದಿದ್ದೆ.

“ಅದೇನ ಕಾಗದದ ಸಪ್ಪಳ?” ಎಂದಳು ಅಕ್ಕ.

“ಚೀಟಿ ಅಕ್ಕಾರ,” ಎಂದಳು ಶಾಂತಾ. “ಹಿಡಿಕಿ ಮುರದಾಗ ಬರದಿಟ್ಟಾರ. ಇಷ್ಟ ದಿನಾ ಜೋಪಾನ ಮಾಡ್ಯಾರ.”

“ಹೌದನ? ನನಗ ಕಣ್ಣ ಕಾಣಂಗಿಲ್ಲ. ಓದ ತಮ್ಮಾ.”

ಕಟ್ಟೆಯ ಬಳಿ ನಿಂತು ಓದಿದೆ. ದೋಷ. ಸ್ಥಳ. ಕಾರಣ. ‘ಕಾರಣ: ಅಕ್ಕ’ ಎಂಬುದನ್ನೂ ಬಿಡದೆ ಓದಿದೆ. ಅವಳು ತಲೆಯನ್ನು ಒಂದು ಕಡೆ ವಾಲಿಸಿ ಕೇಳಿದಳು. ಮುಗಿದ ಮೇಲೂ ಕಾದಳು.

“ಅಷ್ಟನ?”

“ಅಷ್ಟ.”

“ನೀ ಅಂದದ್ದ ಬರದಿಲ್ಲೇನ ಅದರಾಗ?”

ನಾನು ಏನು ಅಂದಿದ್ದೆ? ಅಂದದ್ದು ಅವಳಲ್ಲವೆ, ಸಾಬಾಣ ಡಬ್ಬಿ ಎಂದು? ಟ್ರಕ್ಕಿನ ಬಣ್ಣ ನನಗೆ ನೆನಪಿದೆ. ಅಕ್ಕ ಉಟ್ಟಿದ್ದ ಸೀರೆಯ ಅಂಚು ನೆನಪಿದೆ. ನಿಪ್ಪಾಣಿಯಲ್ಲಿ ಅವಳು ಬಾಗಿಲನ್ನು ಎಷ್ಟು ಮೆಲ್ಲಗೆ ಹಾಕಿದಳೆಂಬುದೂ ನೆನಪಿದೆ. ಆ ನಗುವಿಗೂ ನಿಪ್ಪಾಣಿಗೂ ನಡುವೆ ನನ್ನ ಬಾಯಿಂದ ಬಂದ ಒಂದು ಮಾತಿಗಾಗಿ ಹುಡುಕಿದೆ. ಅಲ್ಲಿ ಏನೂ ಇರಲಿಲ್ಲ.

“ನೆನಪಿಲ್ಲ ಅಕ್ಕಾ.”

“‘ನೀ ಕೈ ಹಚ್ಚಿದ್ದ ಯಾವದ ನೆಟ್ಟಗ ಉಳದೈತಿ’ ಅಂದಿ,” ಎಂದಳು ಅಕ್ಕ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಮೆಣಸಿನಕಾಯಿಯ ದರ ಹೇಳುವಾಗ ಇರುತ್ತಿದ್ದ ಧ್ವನಿಯೇ ಅದು. “ಗಾಡಿ ಮಾತಿಗೆ ಅಂದಿ, ಗೊತ್ತೈತಿ ನನಗ. ಆದ್ರ ನೀ ಅಂದಕೂಡ್ಲೆ ನಾ ನನ್ನ ಕೈ ನೋಡಿಕೊಂಡ್ನಿಪಾ.”

ಶಾಂತಾ ತಲೆ ತಗ್ಗಿಸಿದಳು. ಪೇಟೆಯ ಕಡೆಯಿಂದ ಯಾರೋ ಸೀನಿದ ಸದ್ದು ಬಂತು.

ಮೆಣಸಿನಕಾಯಿ ಬುಟ್ಟಿಗೆ ಹಚ್ಚಿದ ಕೈ. ನನ್ನ ಶಾಲೆಯ ಶುಲ್ಕವನ್ನು ಸೆರಗಿನ ಗಂಟಿನಿಂದ ಬಿಚ್ಚಿದ ಕೈ. ಕಬ್ಬಿಣದ ಕಂಬಿಯ ಮೇಲೆ ನನ್ನ ಕೈಯನ್ನು ಮುಚ್ಚಿದ್ದ ಕೈ. ಹದಿನೆಂಟಕ್ಕೆ ಬಳೆ ಒಡೆಸಿಕೊಂಡ ಕೈ. ಆ ಕೈಗೆ ನಾನು ಹಾಗೆಂದಿದ್ದೆ. ಅಂದು, ಮರೆತು, ಅವಳ ನಗುವನ್ನು ಮಾತ್ರ ಬರೆದಿಟ್ಟುಕೊಂಡಿದ್ದೆ. ಬೂಂದಿಯನ್ನು ಮರೆಯದವನು ಇದನ್ನು ಮರೆತಿದ್ದೆ.

“ತಪ್ಪಾತ ಅಕ್ಕಾ,” ಎಂದೆ. ಎಪ್ಪತ್ತಾರು ವರ್ಷಗಳಲ್ಲಿ ಈ ಮಾತನ್ನು ನಾನು ಹೆಚ್ಚು ಬಳಸಿದವನಲ್ಲ, ಬಾಯಿಗೆ ಒಗ್ಗಲಿಲ್ಲ.

“ಆಗ್ಲಿ ಬಿಡು. ಸಿಟ್ಟಿಲ್ಲ ನನಗ. ನಿನ್ನ ಮನಿಗಿ ಬಂದೇನಿ, ಉಂಡೇನಿ, ಮಕ್ಕಳನ ಆಡ್ಸೇನಿ.” ಅವಳು ಹಿಡಿಕೆಯಿಂದ ಕೈಯನ್ನು ತೆಗೆದು ಚೀಲದ ಮೇಲಿಟ್ಟುಕೊಂಡಳು. “ಆದ್ರ ಈ ಗಾಡ್ಯಾಗ ಕುಂತ್ರ ನನಗ ಕೈ ಎಲ್ಲಿ ಇಡಬೇಕ ತಿಳ್ಯಂಗಿಲ್ಲ ತಮ್ಮಾ. ಯಸ್ಟಿ ಬರೂ ಹೊತ್ತಾತು. ಶಾಂತಾ, ನನ್ನ ಸ್ಟ್ಯಾಂಡಿಗೆ ಬಿಡ್ತಿ ಏನವಾ?”

“ಬಿಡೂದೇನ್ರಿ, ನಾನೂ ಬರ್ತೇನಿ,” ಎಂದಳು ಶಾಂತಾ. ಕಾರಿನಿಂದ ತನ್ನ ಚೀಲವನ್ನು ಎತ್ತಿಕೊಂಡಳು. ನನ್ನ ಕಡೆ ತಿರುಗಿ, “ನೀವ ಹಿಂದ ಬರ್ರಿ. ಸಾವಕಾಶ,” ಎಂದಳು.

ಕೊಲ್ಲಾಪುರದ ಬಸ್ಸು ಹೊರಟಿತು. ಅದರ ಹಿಂದೆ ನನ್ನ ಮ್ಹಾತಾರಿ. ಸಂಕೇಶ್ವರದವರೆಗೂ ಬಸ್ಸು ಪ್ರತಿ ನಿಲ್ದಾಣದಲ್ಲಿ ನಿಂತಿತು, ನಾನೂ ನಿಂತೆ. ಹಿಂದಿನಿಂದ ಹಾರ್ನು ಹಾಕಿದವರಿಗೆ, ಮುಂದೆ ಹೋಗಲಾರದ ಈ ಮುದುಕನ ಸಮಸ್ಯೆ ಏನೆಂದು ತಿಳಿಯುವ ಹಾಗಿರಲಿಲ್ಲ. ಕೆಲವರು ಬಯ್ದರು. ಒಂದನ್ನೂ ನೆನಪಿಟ್ಟುಕೊಳ್ಳಲಿಲ್ಲ.

ಬಸ್ಸಿನ ಹಿಂಗಾಜು ಧೂಳು ಹಿಡಿದಿತ್ತು. ಒಳಗೆ ಯಾರು ಎಲ್ಲಿದ್ದಾರೆಂದು ಕಾಣುತ್ತಿರಲಿಲ್ಲ. ಆದರೆ ಎದುರು ಸೀಟಿನ ಬೆನ್ನಿಗಿರುವ ಕಬ್ಬಿಣದ ಕಂಬಿ ನನಗೆ ಗೊತ್ತು. ಅದರ ಮೇಲೆ ಅಕ್ಕನ ಕೈ ಇದ್ದೀತು. ಅದನ್ನು ಯಾರೂ ಒರೆಸುವುದಿಲ್ಲ. ಅದು ಮುರಿಯುವುದೂ ಇಲ್ಲ.

ಘಾಟು ಬಂತು. ಮೂರನೆಯ ತಿರುವಿನಲ್ಲಿ ಬಸ್ಸು ಮೈಯನ್ನೆಲ್ಲ ಒಂದು ಕಡೆಗೆ ವಾಲಿಸಿತು. ನಾನೂ ಸ್ಟೀರಿಂಗು ತಿರುಗಿಸಿದೆ. ಇಲಾಹಿ ಬೆಸೆದ ಎಡಬಾಗಿಲಿನ ಹಿಡಿಕೆ ಕೂದಲೆಳೆಯಷ್ಟೂ ಅಲುಗದೆ ತನ್ನ ಜಾಗದಲ್ಲಿತ್ತು.

“ಗಟ್ಟಿ ಹಿಡಕೋ ಅಕ್ಕಾ,” ಎಂದೆ.

ಕಾರಿನಲ್ಲಿ ನಾನೊಬ್ಬನೇ ಇದ್ದೆ.